ದೊಡ್ಡಮಾದಯ್ಯ ಪಟದೊಳಗೆ ಬಂದ ಬಗೆ

ಆರಡಿ ಎರಡಂಗುಲದ ಆಳೊಬ್ಬ ಹದಿನಾರು ವರ್ಷ ಮದುವೆ ಪಟಗಳಿಗೆ ಸಿಗದೆ ಹೋದ ಎಂದರೆ ಯಾರು ನಂಬುತ್ತಾರೆ? ಬದನವಾಳಿನ ದೊಡ್ಡಮಾದಯ್ಯನ ವಿಷಯದಲ್ಲಿ ನಂಬಲೇಬೇಕು. ಅವನೇನು ತಪ್ಪಿಸಿಕೊಂಡು ತಿರುಗಿದವನಲ್ಲ, ಪಾಪ. ಕರೆದಾಗ ಹೋಗಿ ನಿಂತ. ನಗು ಎಂದರೆ ನಕ್ಕ, ಅಲ್ಲಾಡಬೇಡ ಎಂದರೆ ಉಸಿರು ಕಟ್ಟಿದ. ಪಟ ತೊಳೆದು ಕೈಗೆ ಬಂದಾಗ ಮಾತ್ರ ಅವನು ಅದರಲ್ಲಿ ಇರುತ್ತಿರಲಿಲ್ಲ.

ದೊಡ್ಡಮಾದಯ್ಯ ಊರಿನ ಖಾದಿ ಕೇಂದ್ರದಲ್ಲಿ ನೇಕಾರ. ಹದಿನಾಲ್ಕನೆಯ ವಯಸ್ಸಿಗೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವನು, ತಲೆ ನರೆತರೂ ಮೇಲೆತ್ತಿರಲಿಲ್ಲ. ಕೆಲಸ ಕಲಿತ ಮೊದಲ ವರ್ಷವೇ ಮಗ್ಗದ ಹಲಗೆಯ ಏಟಿಗೆ ಬಲಗೈ ಕಿರುಬೆರಳು ಸಿಕ್ಕಿ ಮುರಿದಿತ್ತು. ಮೂಳೆ ಕೂಡಿಕೊಳ್ಳುವಾಗ ಅದಕ್ಕೇನು ಮನಸ್ಸಾಯಿತೋ, ಹುಣಿಸೆಕಾಯಿಯ ಹಾಗೆ ಹೊರಕ್ಕೆ ಬಾಗಿ ಕೂಡಿಕೊಂಡಿತು. ಅಂದಿನಿಂದ ಅವನು ಏನನ್ನು ಹಿಡಿದರೂ ಒಂಬತ್ತು ಬೆರಳು ಹಿಡಿಯುತ್ತಿದ್ದವು; ಹತ್ತನೆಯದು ಪಕ್ಕಕ್ಕೆ ತಿರುಗಿ ಬೀದಿ ನೋಡುತ್ತಿತ್ತು.

ಲೋಕಕ್ಕೆಲ್ಲ ಅವನ ಬಳಿ ಇದ್ದದ್ದು ಎರಡೇ ಅಳತೆ, ಉದ್ದ ಮತ್ತು ಪನ್ನ. ಪನ್ನವೆಂದರೆ ಬಟ್ಟೆಯ ಅಗಲ. ಹೊಸ ಮನೆ ನೋಡಲು ಕರೆದರೆ, “ಉದ್ದ ಚೆಂದಾಗದೆ, ಪನ್ನ ಒಸಿ ಕಮ್ಮಿಯಾಯ್ತು” ಅನ್ನುವನು. ತಂಗಿಯ ಗಂಡ ಮಂಟೇಸ್ವಾಮಿ ಗಿಡ್ಡಗೆ ದುಂಡಗೆ ಇದ್ದ, ಅವನನ್ನು ಗಂಡು ನೋಡಲು ಹೋಗಿ ಬಂದ ದಿನ ಹೆಂಡತಿ ಪಾಪಮ್ಮನಿಗೆ, “ಪನ್ನ ಧಾರಾಳವಾಗದೆ, ಉದ್ದಕ್ಕೆ ನೂಲು ಸಾಲ್ದಂಗಾಗದೆ. ಆದ್ರೆ ಗಟ್ಟಿ ಬಟ್ಟೆ” ಎಂದು ವರದಿ ಒಪ್ಪಿಸಿದ್ದ.

ಆ ತಂಗಿಯ ಹೆಸರು ಜವರಮ್ಮ. ಅಪ್ಪ ಅವ್ವ ಬೇಗ ಹೋಗಿದ್ದರು. ಅವಳಿಗೆ ತವರು ಅಂದರೆ ಊರೂ ಅಲ್ಲ, ಮನೆಯೂ ಅಲ್ಲ, ಈ ಅಣ್ಣ ಒಬ್ಬನೇ. ತಿ. ನರಸೀಪುರಕ್ಕೆ ಮದುವೆಯಾಗಿ ಹೋದಳು. ಮಂಟೇಸ್ವಾಮಿ ಅಲ್ಲಿ ನಾಲೆಯ ನೀರುಗಂಟಿ. ರೋಜಾ, ದಿವ್ಯ, ಜಗನ್ ಎಂದು ಮೂರು ಮಕ್ಕಳು. ಮೂವರ ಮದುವೆಗೂ ಸೋದರಮಾವ ಬೇಕೇ ಬೇಕಲ್ಲ. ಆ ಜಾಗದಲ್ಲಿ ನಿಲ್ಲುವುದಕ್ಕೆ ದೊಡ್ಡಮಾದಯ್ಯನನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ.

ಮೊದಲು ರೋಜಾಳ ಮದುವೆ ಬಂತು, ತೊಂಬತ್ತಮೂರನೇ ಇಸವಿಯಲ್ಲಿ. ಗಂಡು ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನವನು. ಸೋದರಮಾವನ ಕಡೆಯಿಂದ ಸೀರೆ, ಬಾಸಿಂಗ ಎಲ್ಲ ಹೋದದ್ದರ ಜೊತೆಗೆ ದೊಡ್ಡಮಾದಯ್ಯ ಇನ್ನೊಂದನ್ನು ಒಪ್ಪಿಕೊಂಡ: “ಫೋಟೋದವ್ನ ನಾನು ಕರ್ಕೊಂಡು ಬತ್ತೀನಿ.” ನಂಜನಗೂಡಿನ ಪೇಟೆಯಲ್ಲಿ ರಂಗನಾಯಕ ಎಂಬವನು ಹೊಸದಾಗಿ ಸ್ಟುಡಿಯೋ ತೆರೆದಿದ್ದ. ಅವನನ್ನೂ ಅವನ ಪೆಟ್ಟಿಗೆ, ದೀಪ, ಕೊಡೆಗಳನ್ನೂ ಬಸ್ಸಿಗೆ ಹತ್ತಿಸಿ, ಕೊಡೆಯೊಂದನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ನರಸೀಪುರಕ್ಕೆ ಮುಟ್ಟಿಸಿದ. ತನ್ನ ಕೊರಳಿಗೆ ಕತ್ತರಿ ತಾನೇ ಹೊತ್ತು ತಂದ ಹಾಗಾಯಿತು ಎಂದು ಪಾಪಮ್ಮ ಆಮೇಲೆ ಎಷ್ಟು ಸಲ ಹೇಳಿದಳೋ.

ಮಾವ ಸೊಸೆಯ ಕೈಹಿಡಿದು ಧಾರೆ ಮಂಟಪಕ್ಕೆ ಕರೆತರುವ ಹೊತ್ತಿಗೆ ಸರಿಯಾಗಿ ರಂಗನಾಯಕನ ರೀಲು ಮುಗಿಯಿತು. ಅವನು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ರೀಲು ಬದಲಾಯಿಸುವಷ್ಟರಲ್ಲಿ ಹುಡುಗಿ ಮಂಟಪದಲ್ಲಿ ಕೂತಾಗಿತ್ತು. ಹೋಗಲಿ, ಗುಂಪಿನ ಪಟವೊಂದು ಇದೆಯಲ್ಲ ಎಂದುಕೊಂಡರು. ಗುಂಪಿನಲ್ಲಿ ನಿಲ್ಲುವಾಗ ಯಾರೋ, “ಉದ್ದನ್ನೋರು ಕೊನೀಗೆ ನಿಂತ್ಕಳಿ” ಅಂದರು. ದೊಡ್ಡಮಾದಯ್ಯ ಎಡಗಡೆಯ ತುದಿಗೆ ಹೋಗಿ, ಹೊಸ ಖಾದಿ ಶರ್ಟಿನ ಕಾಲರು ಸರಿಮಾಡಿಕೊಂಡು, ಇದ್ದ ಹಲ್ಲನ್ನೆಲ್ಲ ತೋರಿಸಿ ನಿಂತ.

ಆಲ್ಬಮ್ ಹದಿನಾರಿಗೆ ಹೋಯಿತು. ಅಲ್ಲಿ ರೋಜಾಳ ಅತ್ತೆ ಚನ್ನಾಜಮ್ಮ ಇದ್ದಳು. ಒಳ್ಳೆ ಹೆಂಗಸು, ಸೊಸೆಗೆ ಒಂದು ದಿನ ಕೆಟ್ಟ ಮಾತಾಡಿದವಳಲ್ಲ. ಆದರೆ ಬೀಗರನ್ನು ಕಿಚಾಯಿಸುವುದು ಅವಳಿಗೆ ಎಲೆಅಡಿಕೆಯಷ್ಟೇ ಇಷ್ಟ. ಮದುವೆಯಲ್ಲಿ ದೊಡ್ಡಮಾದಯ್ಯನ ಕೈಯಿಂದಲೇ ತಾಂಬೂಲ ಇಸಕೊಂಡಿದ್ದವಳು, ಜವರಮ್ಮ ಮಗಳನ್ನು ನೋಡಲು ಹೋದಾಗ ಆಲ್ಬಮ್ ತೆರೆದು ಗುಂಪಿನ ಪಟಕ್ಕೆ ಬಂದೊಡನೆ ಕನ್ನಡಕ ಏರಿಸಿದಳು. ಎಡತುದಿಯಲ್ಲಿ ಒಂದು ಖಾದಿ ತೋಳು ಇತ್ತು. ತೋಳಿನ ಮುಂದಕ್ಕೆ ಆಳಿರಲಿಲ್ಲ.

“ಅಲ್ಲ ಜವರಮ್ಮ, ಹುಡುಗಿ ಸೋದರಮಾವ ಎಲ್ಲವ್ನೆ? ತೋಳು ಕಳಿಸ್ಬುಟ್ಟು ತಾನು ಮಗ್ಗದ ತಾವೇ ಉಳ್ಕಬುಟ್ನಾ?”

ಮನೆ ತುಂಬ ನೆಂಟರು ನಕ್ಕರು. ಜವರಮ್ಮನೂ ನಕ್ಕಳು. ಎರಡನೆಯ ಸಲ ಹೋದಾಗಲೂ ಅದೇ ಮಾತು, ಅದೇ ನಗು. ಮದುವೆ ನೋಡದ ನೆಂಟರು ಬಂದಾಗಲೆಲ್ಲ ಆಲ್ಬಮ್ ಹೊರಗೆ ಬರುವುದು; ಚನ್ನಾಜಮ್ಮ ತೋಳಿನ ಮೇಲೆ ಬೆರಳಿಟ್ಟು, “ಇವ್ರೇ ನಮ್ ಬೀಗ್ರು, ಮೊಣಕೈ ತಂಕ ಬಂದಿದ್ರು” ಅನ್ನುವಳು. ನಾಲ್ಕನೆಯ ಸಲಕ್ಕೆ ಜವರಮ್ಮನಿಗೆ ನಗು ಬರಲಿಲ್ಲ. ನಡುಹಗಲಲ್ಲೇ ಬಸ್ಸು ಹತ್ತಿ, ನಂಜನಗೂಡಲ್ಲಿ ಬಸ್ಸು ಬದಲಿಸಿ, ಬದನವಾಳಿಗೆ ಬಂದು ಅಣ್ಣನ ಮಗ್ಗದ ಪಕ್ಕ ಕುಕ್ಕರಿಸಿದಳು.

“ನೀನು ಬಂದಿದ್ದೆ ಅಂತ ನಂಗೊತ್ತು ಕಣಣ್ಣ. ಆಲ್ಬಮ್‌ಗೆ ಗೊತ್ತಿಲ್ವಲ್ಲ!”

ದೊಡ್ಡಮಾದಯ್ಯ ಲಾಳಿ ನಿಲ್ಲಿಸಿದ. ಮಾರನೇ ದಿನವೇ ನಂಜನಗೂಡಿಗೆ ಹೋಗಿ ರಂಗನಾಯಕನ ಮುಂದೆ ನಿಂತ.

“ರಂಗಪ್ಪ, ನಾನೇನು ಮಾಡಿದ್ದೆ ನಿಂಗೆ? ಬಸ್ಸಲ್ಲಿ ನಿನ್ ಕೊಡೆ ತೊಡೆ ಮೇಲೆ ಮಡಿಕ್ಕಂಡು ಕರ್ಕಂಬಂದೆ. ನನ್ನೇ ಕೊಯ್ದಾಕ್ಬುಟ್ಟಲ್ಲ!”

ರಂಗನಾಯಕ ಹಳೆಯ ನೆಗೆಟಿವ್ ಹುಡುಕಿ ಬೆಳಕಿಗೆ ಹಿಡಿದ. ಬೆರಳಗಲದ ಫಿಲ್ಮಿನ ತುದಿಯಲ್ಲಿ ದೊಡ್ಡಮಾದಯ್ಯ ಪೂರ್ತಿಯಾಗಿ, ಹಲ್ಲುಸಮೇತ ನಿಂತಿದ್ದ. ಹಲ್ಲು ಕಪ್ಪಗೆ ಮುಖ ಬೆಳ್ಳಗೆ, ಅಷ್ಟೇ.

“ನೋಡಿ ದೊಡ್ಡಯ್ಯ, ರೀಲ್‌ನಲ್ಲಿ ಇದ್ದೀರಿ. ಪೇಪರ್‌ನಲ್ಲಿ ಜಾಗ ಸಾಕಾಗಿಲ್ಲ. ರೀಲು ಮೂರು ಉದ್ದ ಎರಡು ಎತ್ತರ. ಆಲ್ಬಮ್ ಪೇಪರು ಹನ್ನೆರಡು ಉದ್ದ ಹತ್ತು ಎತ್ತರ, ಹೆಚ್ಚುಕಮ್ಮಿ ಚೌಕ. ಎತ್ತರಕ್ಕೆ ಸರಿಯಾಗಿ ಕೂರಿಸಿದ್ರೆ ಉದ್ದ ಎರಡು ಕಡೇನೂ ಹೊರಕ್ಕೆ ಚೆಲ್ಲತ್ತೆ. ಲ್ಯಾಬ್‌ನವ್ರು ಚೆಲ್ಲಿದ್ದು ಕತ್ತರಿಸ್ತಾರೆ. ಎಡಗಡೆ ನೀವು ಹೋದ್ರಿ, ಬಲಗಡೆ ಅಡಿಗೆಯವನು ಹೋದ. ಅವನೇನೂ ಕೇಳೋಕೆ ಬಂದಿಲ್ಲ.”

ದೊಡ್ಡಮಾದಯ್ಯ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ವರ್ಷದಲ್ಲಿ ಅವನು ಕಂಡು ಕೇಳದ ಮೋಸ ಅದು.

“ಅಲ್ಲ ಕಣಯ್ಯ, ಒಂದು ಪನ್ನಕ್ಕೆ ನೇಯ್ದು ಇನ್ನೊಂದು ಪನ್ನಕ್ಕೆ ಹೊಲಿದ್ರೆ ಅಂಚು ಹೋಗ್ದೆ ಇನ್ನೇನಾದಾತು? ನಮ್ ಕೇಂದ್ರದಲ್ಲಿ ಯಾರಾರ ಇಂಗೆ ಮಾಡುದ್ರೆ ಮೇನೇಜರು ಬಟ್ಟೆ ಮೊಕಕ್ಕೆಸೆದಾರು!”

ರಂಗನಾಯಕನಿಗೂ ಅಯ್ಯೋ ಅನ್ನಿಸಿ, ಮೇಲೆ ಕೆಳಗೆ ಬಿಳಿ ಬಿಟ್ಟು, ಇಡೀ ನೆಗೆಟಿವ್ ಬರುವಂತೆ ಇನ್ನೊಂದು ಪ್ರಿಂಟು ಹಾಕಿಸಿಕೊಟ್ಟ. ಅದು ಹದಿನಾರಿಗೆ ಹೋಯಿತು. ಚನ್ನಾಜಮ್ಮ ತಿರುಗಿಸಿ ಮುರುಗಿಸಿ ನೋಡಿ, “ಇದು ಮದುವೆ ಆದ್ಮೇಲೆ ತೆಗ್ಸಿ ಸೇರ್ಸಿರಾದು. ಆಲ್ಬಮ್‌ನಾಗಿರಾದೇ ದಿಟ” ಎಂದು ತೀರ್ಪು ಕೊಟ್ಟಳು.

ಹನ್ನೊಂದು ವರ್ಷ ಕಳೆಯಿತು. ಹನ್ನೊಂದು ವರ್ಷವೂ ಆ ತೋಳು ಹದಿನಾರಿನಲ್ಲಿ ನೆಂಟರನ್ನು ನಗಿಸಿತು. ಎರಡು ಸಾವಿರದ ನಾಲ್ಕರಲ್ಲಿ ದಿವ್ಯಳ ಮದುವೆ ನಿಕ್ಕಿಯಾದಾಗ ದೊಡ್ಡಮಾದಯ್ಯ ಮೊದಲು ಹೋದದ್ದು ರಂಗನಾಯಕನ ಅಂಗಡಿಗೆ. ರಂಗನಾಯಕ ಈಗ ರೀಲು ಬಿಟ್ಟಿದ್ದ. ಕೈಯಲ್ಲಿ ಸೋಪಿನ ಡಬ್ಬದಷ್ಟು ದೊಡ್ಡದೊಂದು ಡಿಜಿಟಲ್ ಕ್ಯಾಮೆರಾ.

“ಇನ್ನು ರೀಲು ಮುಗಿಯೋ ಮಾತೇ ಇಲ್ಲ ದೊಡ್ಡಯ್ಯ. ಹೊಡೆದ ತಕ್ಷಣ ಹಿಂದೆ ಪರದೇಲಿ ನೋಡ್ಬಹುದು.”

“ಕೊನೇಲಿ ನಿಂತೋರು ಹೋಯ್ತಾರಾ?”

“ಇದು ರೀಲಿನಷ್ಟು ಉದ್ದ ಇಲ್ಲ. ಕೊನೆಯವ್ರು ಹೋಗಲ್ಲ.”

ದೊಡ್ಡಮಾದಯ್ಯನಿಗೆ ಅಷ್ಟಕ್ಕೇ ಧೈರ್ಯ ಬರಲಿಲ್ಲ. ತುದಿ ಎಂಬ ಜಾಗವನ್ನೇ ಅವನು ಈ ಜನ್ಮಕ್ಕೆ ಬಿಟ್ಟಿದ್ದ. ಮದುವೆಯ ದಿನ ಹಿಂದಿನ ಸಾಲಿಗೆ ಒಂದು ಬೆಂಚು ಎಳೆದು ಹಾಕಿಸಿ, ಹುಡುಗ ಹುಡುಗಿಯ ನೆತ್ತಿಗೆ ನೇರವಾಗಿ, ನಟ್ಟನಡುವೆ ಹತ್ತಿ ನಿಂತ. ಅವನ ಹಿಂದೆ ಗೋಡೆ, ಅಕ್ಕಪಕ್ಕ ನೆಂಟರ ಕೋಟೆ. “ಈಗ ಎಂಗ್ ಕೊಯ್ದಾರೋ ಕೊಯ್ಲಿ” ಅಂದುಕೊಂಡ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದ್ದೂ ಆಯಿತು. ತಲೆ ಇತ್ತು. ತಲೆಯ ಮೇಲೆ ಒಂದಿಷ್ಟು ಗಾಳಿಯೂ ಇತ್ತು. ಪಾಪಮ್ಮನನ್ನು ಕರೆದು ತೋರಿಸಿದ. ತಂಗಿಯನ್ನು ಕರೆದು ತೋರಿಸಿದ. ತಮಟೆಯವರನ್ನೂ ಕರೆದು ತೋರಿಸಿದ.

ಹದಿನೈದು ದಿನ ಬಿಟ್ಟು ಆಲ್ಬಮ್ ಬಂತು. ಮಾವ ಸೊಸೆಯನ್ನು ಮಂಟಪಕ್ಕೆ ಕರೆತಂದ ಪಟದಲ್ಲಿ ತಮಟೆಯವನ ತಲೆ ಅವನಿಗೆ ಅಡ್ಡ ಬಂದಿತ್ತು; ಉಳಿದದ್ದು ಗುಂಪಿನ ಪಟವೊಂದೇ. ಎರಡು ಕೊನೆಯವರೂ ಇದ್ದರು. ಅಡಿಗೆಯವನೂ ಇದ್ದ. ನಟ್ಟನಡುವೆ, ಮದುಮಕ್ಕಳ ನೆತ್ತಿಯ ಮೇಲೆ, ಬಿಳಿ ಶರ್ಟು, ಕುತ್ತಿಗೆ, ಗದ್ದ, ಒಂದು ಜೋಡಿ ಮೀಸೆ ಇತ್ತು. ಮೀಸೆಯ ಮೇಲಕ್ಕೆ ಪಟ ಮುಗಿದಿತ್ತು.

ಈ ಸಲ ರಂಗನಾಯಕನೇ ತಲೆತಗ್ಗಿಸಿದ. “ಈ ಕ್ಯಾಮೆರಾದಲ್ಲಿ ನಾಲ್ಕು ಉದ್ದ, ಮೂರು ಎತ್ತರ ದೊಡ್ಡಯ್ಯ. ಲ್ಯಾಬಿನ ಮೆಷೀನ್‌ನಲ್ಲಿ ಈಗ ಪೇಪರು ಹನ್ನೆರಡು ಉದ್ದ, ಎಂಟು ಎತ್ತರ. ಹಳೇ ರೀಲಿನ ಲೆಕ್ಕದ ಪೇಪರು. ಉದ್ದಕ್ಕೆ ಕೂರಿಸಿದ್ರೆ ಎತ್ತರ ಚೆಲ್ಲತ್ತೆ. ಮೇಲೆ ಅರ್ಧ ಇಂಚು, ಕೆಳಗೆ ಅರ್ಧ ಇಂಚು.”

“ಅಂದ್ರೆ ಮೊದ್ಲು ಪಕ್ಕದಿಂದ ಕೊಯ್ತಿದ್ರಿ, ಈಗ ಮೇಲಿಂದ ಕೊಯ್ತೀರಾ?”

“ಹೂಂ ಅನ್ನಿ.”

“ಕ್ಯಾಮೆರಾದಾಗ ಇದ್ನಲ್ಲಪ್ಪ ನಾನು, ಅದುನ್ನೇ ಇನ್ನೊಂದು ತೊಳ್ದುಕೊಡು.”

“ಮಾರನೇ ದಿನ ಕಳಲೇಲಿ ಒಂದು ಮದುವೆ ಇತ್ತು. ಕಾರ್ಡು ಖಾಲಿ ಮಾಡ್ಬಿಟ್ಟೆ.”

ರೀಲಿನ ಕಾಲದಲ್ಲಿ ಬೆಳಕಿಗೆ ಹಿಡಿದು ನೋಡುವುದಕ್ಕಾದರೂ ಅವನಿದ್ದ. ಈಗ ಅಷ್ಟೂ ಇಲ್ಲ.

ದಿವ್ಯಳ ಆಲ್ಬಮ್ಮಿನ ಇನ್ನೊಂದು ಪ್ರತಿ ಅಕ್ಕನ ಮನೆಗೂ ಹೋಗಿತ್ತು. ಚನ್ನಾಜಮ್ಮ ಹಬ್ಬ ಮಾಡಿದಳು. “ಪರ್ವಾಗಿಲ್ಲ ಜವರಮ್ಮ, ಆವತ್ತು ತೋಳು ಬಂದಿತ್ತು, ಈವತ್ತು ಮೀಸೆ ಬಂದದೆ. ಇನ್ನೆರಡು ಮದುವೆ ಮಾಡು, ಅಷ್ಟಷ್ಟೇ ಪೂರ್ತಿ ಬಂದ್ಬುಟ್ಟಾನು. ಆದ್ರೂ ಒಂದು ಮಾತು, ಈ ಮೀಸೆ ಅವ್ನದೇ ಅಂತ ಎಂಗೇಳ್ತೀಯೆ? ನಮ್ಮೂರೊಂದ್ರಲ್ಲೇ ಇಂತ ಮೀಸೆ ಏಳವೆ.”

ಜವರಮ್ಮ ಆವತ್ತು ಊಟಕ್ಕೆ ನಿಲ್ಲಲಿಲ್ಲ. ಹಾಗೇ ಎದ್ದು ಬಂದವಳು ಅಣ್ಣನ ಮುಂದೆ ಒಂದು ಗೆರೆ ಎಳೆದಳು. “ಉಳಿದಿರಾದು ಜಗನ್ ಒಬ್ನೇ. ಅವ್ನ ಮದುವೆ ಪಟದಾಗೂ ನೀನಿಲ್ದೆ ಹೋದ್ರೆ ನಾನು ಹದಿನಾರಿಗೆ ಕಾಲಿಡಾಕಿಲ್ಲ. ಮಗಳು ಮೊಮ್ಮಗಳು ಬೇಕಾದ್ರೆ ನರಸೀಪುರಕ್ಕೇ ಬಂದು ನೋಡ್ಕಂಡೋಗ್ಲಿ. ತವರಿಲ್ದೋಳು ಅನ್ನಿಸ್ಕಂಡು ಎಷ್ಟು ದಿನ ನಗಾದು?”

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ದೊಡ್ಡಮಾದಯ್ಯನಿಗೆ ಅದು ಗೊತ್ತಿತ್ತು. ಮಗ್ಗದಲ್ಲಿ ಕೂತರೂ ಊಟಕ್ಕೆ ಕೂತರೂ ಒಂದೇ ಯೋಚನೆಯಾಯಿತು. ತುದಿಗೆ ನಿಂತರೆ ಅಡ್ಡ ಕೊಯ್ಯುತ್ತಾರೆ, ಮೇಲೆ ನಿಂತರೆ ತಲೆ ಕೊಯ್ಯುತ್ತಾರೆ. ಕ್ಯಾಮೆರಾಕ್ಕೊಂದು ಪನ್ನ, ಪೇಪರಿಗೊಂದು ಪನ್ನ. ನಡುವೆ ನಿಂತವನಿಗೆ ತನ್ನ ಗಡಿ ಎಲ್ಲಿ ಅಂತಲೇ ಗೊತ್ತಿಲ್ಲ.

ಜಗನ್ ಮದುವೆ ಎರಡು ಸಾವಿರದ ಒಂಬತ್ತರಲ್ಲಿ ಗೊತ್ತಾಯಿತು. ದೊಡ್ಡಮಾದಯ್ಯ ರಂಗನಾಯಕನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತ.

“ಈಗಿರೋ ಕ್ಯಾಮೆರಾ ಎಷ್ಟಕ್ಕೆಷ್ಟು?”

“ದೊಡ್ಡ ಕ್ಯಾಮೆರಾ ತಗೊಂಡೆ. ಮೂರಕ್ಕೆ ಎರಡು. ಹಳೇ ರೀಲಿನ ತರಾನೇ.”

“ಪೇಪರು?”

“ಹದಿನೆಂಟಕ್ಕೆ ಹನ್ನೆರಡು.”

ದೊಡ್ಡಮಾದಯ್ಯ ಬೆರಳು ಮಡಚಿದ. ಮೂರಾರಲ ಹದಿನೆಂಟು, ಎರಡಾರಲ ಹನ್ನೆರಡು. ಅವನ ಮುಖ ಅರಳಿತು. “ಎರಡೂ ಒಂದೇ ಪನ್ನ! ಹದಿನಾರು ವರ್ಷಕ್ಕೆ ಬುದ್ಧಿ ಬಂತಲ್ಲಪ್ಪ ನಿಮ್ಗೆ.”

“ಆದ್ರೂ ನಾನು ಅಕ್ಕಪಕ್ಕ ಜಾಸ್ತಿ ಬಿಟ್ಟು ಹೊಡೆದ್ರೆ ಲ್ಯಾಬ್‌ನವ್ರು ಕಂಪ್ಯೂಟರಲ್ಲಿ ಹತ್ತಿರಕ್ಕೆ ಎಳೆದು ಕತ್ತರಿಸಿಬಿಡ್ತಾರೆ. ಚೆಂದ ಮಾಡ್ತೀವಿ ಅಂತ.”

“ಅದ್ಕೆ ನಾನು ಗಡಿ ಆಕಿಕೊಡ್ತೀನಿ ಬುಡು.”

ಗಡಿ ಎಂದರೆ ಏನು ಎಂದು ರಂಗನಾಯಕನಿಗೆ ತಿಳಿಯಲಿಲ್ಲ. ಖಾದಿ ಕೇಂದ್ರದ ಮೇನೇಜರ್ ನಾಗಯ್ಯನಿಗೂ ತಿಳಿಯಲಿಲ್ಲ. ಆರು ಭಾನುವಾರ ದೊಡ್ಡಮಾದಯ್ಯ ತನ್ನದೇ ನೂಲು ತಂದು ಬೀಗ ತೆಗೆಸಿ ಮಗ್ಗಕ್ಕೆ ಕೂತಾಗ ನಾಗಯ್ಯ ಬಾಗಿಲಲ್ಲಿ ನಿಂತು, “ಏನಯ್ಯಾ ಇದು, ಪಂಚೆಯೂ ಅಲ್ಲ ಜಮಖಾನವೂ ಅಲ್ಲ? ಯಾರು ಉಡೋದು ಇದನ್ನ?” ಎಂದು ಕೇಳಿದ.

“ಮದುವೆ ಮನೆ ಉಡ್ತದೆ ಸಾ.”

ನಾಲ್ಕಡಿ ಪನ್ನದ ಬಟ್ಟೆ, ಹನ್ನೆರಡಡಿ ಉದ್ದ, ಅಂಥವು ಎರಡು. ಒಂದರ ಮೇಲೊಂದು ಜೋಡಿಸಿ ಪಾಪಮ್ಮ ಹೊಲಿದಳು. ಎಂಟಡಿ ಎತ್ತರ, ಹನ್ನೆರಡಡಿ ಉದ್ದ. ಮೂರಕ್ಕೆ ಎರಡು. ಹಾಲಿನಂಥ ಬಿಳುಪು, ನಾಲ್ಕು ಕಡೆಯೂ ಅಂಗೈ ಅಗಲದ ಕೆಂಪು ಅಂಚು. ಅಂಚಿನ ಒಳಗೆ ನಿಂತವನು ಪಟದೊಳಗೆ, ಅಂಚು ದಾಟಿದವನು ಪಟದ ಹೊರಗೆ. ಅಂಚು ಕಣ್ಣಿಗೆ ಕಾಣುವಾಗ ಯಾವ ಲ್ಯಾಬ್‌ನವನು ತಾನೇ ಒಳಕ್ಕೆ ಕತ್ತರಿ ಹಾಕುತ್ತಾನೆ?

ಮನೆ ಮುಂದೆ ಎರಡು ತೆಂಗಿನ ಮರಕ್ಕೆ ಪರದೆ ಕಟ್ಟಿ ತಾಲೀಮೂ ಆಯಿತು. ಬೀದಿಯವರನ್ನೆಲ್ಲ ಕರೆದು ನಿಲ್ಲಿಸಿದ. ಮೂರು ಸಾಲಿಗೆ ಮೂವತ್ತೊಂದು ಜನ ಹಿಡಿದರು. ಮೂವತ್ತೆರಡನೆಯವಳಾಗಿ ಪಕ್ಕದ ಮನೆಯ ಮುದುಕಿ ಅಂಚು ದಾಟಿ ನಿಂತಳು.

“ಅಜ್ಜಿ, ನೀನು ಪಟದಿಂದಾಚೆ ಇದ್ದೀಯೆ, ಒಳಗೆ ಬಾ.”

“ಎಲ್ಲಿ ಪಟ? ಬೀದೀಲಿ ನಿಂತಿವ್ನಿ ನಾನು!”

“ಅದೇ ಕಣಜ್ಜಿ, ನಾನೂ ಅಂಗೇ ಅಂದ್ಕಂಡು ಕೆಟ್ಟಿದ್ದು!”

ಮದುವೆ ನರಸೀಪುರದ ಛತ್ರದಲ್ಲಿ. ಬೆಳಗಿನ ಧಾರೆ ಮುಗಿಯಿತು. ವೇದಿಕೆಯ ಹಿಂದುಗಡೆ ಎರಡು ಕಂಬಕ್ಕೆ ಮೊಳೆ ಹೊಡೆದು ದೊಡ್ಡಮಾದಯ್ಯ ತನ್ನ ಪರದೆ ಕಟ್ಟಿದ. ಛತ್ರಕ್ಕೆ ಕಳೆ ಬಂತು. ರಂಗನಾಯಕ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಕೆಂಪು ಅಂಚಿಗೆ ಅಂಚು ಸರಿಯಾಗಿ ಕೂರಿಸಿ, “ದೊಡ್ಡಯ್ಯ, ಒಂದು ಎಳೆ ಆಚೆ ಇಲ್ಲ, ಒಂದು ಎಳೆ ಈಚೆ ಇಲ್ಲ” ಎಂದು ಕೂಗಿ ಹೇಳಿದ. ದೊಡ್ಡಮಾದಯ್ಯ ನಿಂತು ಎಲ್ಲರನ್ನೂ ಒಳಗೆ ತುಂಬಿಸಿದ. ಗಿಡ್ಡಗಿರುವ ಮಂಟೇಸ್ವಾಮಿಗೆ ಮಣೆ ಕೊಟ್ಟ. ಚನ್ನಾಜಮ್ಮನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, “ಒಸಿ ಒಳೀಕೆ ಬನ್ನಿ ಬೀಗಿತಿ, ನಿಮ್ ಸೆರಗು ಗಡಿ ದಾಟದೆ” ಎಂದು ಮರ್ಯಾದೆಯಿಂದಲೇ ಗದರಿದ. ಹಿಂದಿನ ಸಾಲಿನ ಎಡಗಡೆ, ಅಂಚಿನಿಂದ ಎರಡು ಗೇಣು ಒಳಗೆ, ತಲೆಯ ಮೇಲೆ ಮೂರು ಗೇಣು ಜಾಗ ಬಿಟ್ಟು, ಅವನ ಜಾಗ ಖಾಲಿ ಕಾಯುತ್ತಿತ್ತು. ಅವನು ಕಾಲರು ಸರಿಮಾಡಿಕೊಂಡು ಆ ಕಡೆ ಎರಡು ಹೆಜ್ಜೆ ಇಟ್ಟ.

ಆಗಲೇ ಯಾರೋ ಪುಣ್ಯಾತ್ಮ, ಮದುಮಗ ಬೆವೆತಿದ್ದಾನೆಂದು, ಆಳೆತ್ತರದ ಸ್ಟ್ಯಾಂಡ್ ಫ್ಯಾನು ಹಾಕಿದ. ಪರದೆ ಹಾಯಿಯ ಹಾಗೆ ಉಬ್ಬಿತು. ಬಲಗಡೆಯ ಮೊಳೆ ಗಾರೆಯನ್ನು ಕಿತ್ತುಕೊಂಡು ಬಂತು. ಪರದೆಯ ಬಲತುದಿ ಮಡಿಲಕ್ಕಿ ಚೆಲ್ಲಿದ ಹಾಗೆ ನೆಂಟರ ತಲೆಯ ಮೇಲೆ ಇಳಿಯಿತು.

ಫ್ಯಾನು ಆರಿಸಿದರು. ಮೊಳೆ ಮತ್ತೆ ಹೊಡೆದರೆ ಗಾರೆ ಪುಡಿಪುಡಿಯಾಗಿ ಉದುರಿತು. ಮಂಟೇಸ್ವಾಮಿ ಕುರ್ಚಿ ಹತ್ತಿ ತುದಿ ಹಿಡಿಯಲು ನೋಡಿದ. ಎರಡು ಗೇಣು ಸಾಲಲಿಲ್ಲ. ಇನ್ನೊಬ್ಬ ಹತ್ತಿದ, ಒಂದು ಗೇಣು ಸಾಲಲಿಲ್ಲ. ಅಷ್ಟರಲ್ಲಿ ಊಟದ ಮನೆಯಿಂದ, “ಎರಡನೇ ಪಂಕ್ತಿಗೆ ಎಲೆ ಹಾಕಾಯ್ತು, ಬನ್ನೀ” ಎಂದು ಕೂಗು ಬಂತು. ಮೂವತ್ತು ತಲೆಗಳು ಒಟ್ಟಿಗೆ ಆ ಕಡೆ ತಿರುಗಿದವು. ಹಿಂದಿನ ಸಾಲು ಆಗಲೇ ಸಡಿಲವಾಗತೊಡಗಿತು.

ದೊಡ್ಡಮಾದಯ್ಯ ತನ್ನ ಖಾಲಿ ಜಾಗವನ್ನು ನೋಡಿದ. ಬಿದ್ದ ಪರದೆಯನ್ನು ನೋಡಿದ. ಗಡಿಯಿಲ್ಲದೆ ಹೊಡೆದರೆ ಯಾರು ಹೋಗುತ್ತಾರೋ, ತಂಗಿ ಹೋಗುತ್ತಾಳೋ, ಅವಳ ಮೊಮ್ಮಗಳು ಹೋಗುತ್ತಾಳೋ. ಅವನು ಪರದೆಯ ಹಿಂದಕ್ಕೆ ಹೋದ. ಕುರ್ಚಿ ಹತ್ತಿದ ಸದ್ದು ಕೇಳಿತು. ಪರದೆಯ ಬಲತುದಿ ಮೆಲ್ಲಗೆ ಎದ್ದು, ಬಿಗಿಯಾಗಿ, ನೆಟ್ಟಗೆ ನಿಂತಿತು.

“ಅಣ್ಣ ಎಲ್ಲಿ?” ಜವರಮ್ಮ ಹಿಂದಿನ ಸಾಲಿನ ಖಾಲಿ ಜಾಗ ನೋಡಿ ಗಾಬರಿಯಾದಳು. “ಅಣ್ಣೋ!”

ಬಟ್ಟೆಯ ಹಿಂದಿನಿಂದ ಉತ್ತರ ಬಂತು. “ಇಲ್ಲೇ ಇವ್ನಿ ಕಣವ್ವ. ಮುಂದೀಕ್ ತಿರುಗು. ರಂಗಪ್ಪ, ಹೊಡಿಯಯ್ಯಾ, ರಟ್ಟೆ ಬೀಳ್ತದೆ!”

ರಂಗನಾಯಕ ಹೊಡೆದ. ಆಮೇಲೆ ಪರದೆ ಸರಿಸಿ ನೋಡಿದರೆ ದೊಡ್ಡಮಾದಯ್ಯ ಬೆವರಿನಲ್ಲಿ ತೊಯ್ದು ಕುರ್ಚಿಯ ಮೇಲೆ ನಿಂತಿದ್ದ. ಛತ್ರದಲ್ಲಿ ಮನುಷ್ಯರೇ ಇರಲಿಲ್ಲ, ಎಲ್ಲರೂ ಎಲೆಯ ಮುಂದೆ.

“ಬನ್ನಿ ದೊಡ್ಡಯ್ಯ, ನಿಮ್ಮದೊಬ್ಬರದೇ ಒಂದು ಹೊಡಿತೀನಿ.”

“ಒಬ್ನೇ ಇರೋ ಪಟ ವೋಟಿನ ಕಾರ್ಡ್‌ನಾಗೂ ಅದೆ ಕಣಯ್ಯ. ಅದ ನೋಡಿ ಮದುವೆಗೆ ಬಂದಿದ್ದ ಅಂತ ಯಾರಂದಾರು? ನಡಿ, ಪಾಯ್ಸ ಖಾಲಿಯಾಗ್ಬುಟ್ಟಾತು.”

ಪಾಯಸವನ್ನೇನೋ ಉಂಡ. ಆದರೆ ಅದರ ರುಚಿ ಅವನಿಗೆ ತಿಳಿಯಲಿಲ್ಲ. ಎದುರು ಸಾಲಿನಲ್ಲಿ ಜವರಮ್ಮ ಎಲೆಯಲ್ಲಿ ಅನ್ನ ಕಲಸುತ್ತ ಕೂತಿದ್ದಳು, ತಿನ್ನುತ್ತಿರಲಿಲ್ಲ.

ಆಲ್ಬಮ್ ಬರುವ ಮೊದಲೇ ಸಿ.ಡಿ. ಬಂತು, ಅದಕ್ಕೂ ಮೊದಲೇ ಹದಿನಾರಿನಲ್ಲಿ ಚನ್ನಾಜಮ್ಮನ ಮಗ ಹೊಸ ಅಗಲದ ಟಿ.ವಿ. ತಂದು ಗೋಡೆಗೆ ಹಾಕಿದ್ದ. ಅಂಗಡಿಯವನು, “ಇದು ಹದಿನಾರಕ್ಕೆ ಒಂಬತ್ತು ಅಳತೆಯ ಪರದೆ” ಎಂದದ್ದನ್ನು ಕೇಳಿ, ತಮ್ಮೂರಿನ ಹೆಸರು ಕಂಪನಿಯ ತನಕ ಹೋಗಿದೆಯೆಂದು ಚನ್ನಾಜಮ್ಮ ಹಿಗ್ಗಿದ್ದಳು. ಭಾನುವಾರ ಬೆಳಿಗ್ಗೆ ಎಲ್ಲರೂ ಬರಬೇಕು, ಟಿ.ವಿ.ಯಲ್ಲಿ ಮದುವೆ ನೋಡಬೇಕು ಎಂದು ಹೇಳಿಕಳಿಸಿದಳು. ಜವರಮ್ಮ ಬರುವುದಿಲ್ಲವೆಂದು ಹಟ ಹಿಡಿದಳು. “ಕೊನೇ ಸಲ ಬಾ, ನಾನೂ ಬತ್ತೀನಿ, ಬಯ್ಸಿಕೊಂಡ್ರೆ ಇಬ್ರೂ ಒಟ್ಗೆ ಬಯ್ಸಿಕೊಳ್ಳವ” ಎಂದು ದೊಡ್ಡಮಾದಯ್ಯನೇ ಎಬ್ಬಿಸಿಕೊಂಡು ಹೋದ.

ಜಗನ್ ಸಿ.ಡಿ. ಹಾಕಿದ. ಗುಂಪಿನ ಪಟ ಗೋಡೆ ತುಂಬ ಹರಡಿಕೊಂಡಿತು.

ಎಲ್ಲರೂ ಉಬ್ಬಿದ್ದರು. ಮದುಮಗಳ ಕೆನ್ನೆ ಬನ್ನಿನ ಹಾಗಿತ್ತು. ಮಂಟೇಸ್ವಾಮಿ ಅಡ್ಡಡ್ಡಲಾಗಿ ಬೆಳೆದ ಕುಂಬಳಕಾಯಿ. ಮುಂದಿನ ಸಾಲಿನಲ್ಲಿ ಕೂತ ಚನ್ನಾಜಮ್ಮ ಒಂದು ಕುರ್ಚಿಗೆ ಎರಡಾಗಿದ್ದಳು.

“ಅಯ್ಯಯ್ಯಪ್ಪಾ, ನಾನು ಇಂಗಿವ್ನಾ?” ಎಂದು ಅವಳು ಎದೆ ಹಿಡಿದುಕೊಂಡಳು.

ದೊಡ್ಡಮಾದಯ್ಯ ಕಣ್ಣು ಕಿರಿದು ಮಾಡಿ ನೋಡಿದ. “ಕಮ್ಮಿ ಪನ್ನದ ಬಟ್ಟೆ ಜಾಸ್ತಿ ಪನ್ನಕ್ಕೆ ಎಳ್ದವ್ರೆ ಬೀಗಿತಿ. ಒಗ್ದ ಬನೀನು ಜಗ್ಗುದಂಗೆ. ನೀವು ಸರಿಯಾಗೇ ಇದ್ದೀರಿ, ಟಿ.ವಿ. ಜಗ್ಗದೆ.”

ಚನ್ನಾಜಮ್ಮನಿಗೆ ಸಮಾಧಾನವಾಗಲಿಲ್ಲ. ಅವಮಾನವನ್ನು ಇನ್ನೊಬ್ಬರ ಮೇಲೆ ಇಳಿಸಬೇಕಲ್ಲ. ಕನ್ನಡಕ ಏರಿಸಿ, ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಎಣಿಸಿ, ಹಿಂದಿನ ಸಾಲಿನ ಖಾಲಿ ಜಾಗಕ್ಕೆ ಬಂದು ಎಣಿಕೆ ನಿಲ್ಲಿಸಿದಳು.

“ಈ ಸಲ ತೋಳೂ ಇಲ್ಲ, ಮೀಸೆಯೂ ಇಲ್ಲ. ಪೂರ್ತಿ ರಜ ಹಾಕ್ಬುಟ್ಟವ್ರೆ ನಮ್ ಬೀಗ್ರು!”

ನೆಂಟರು ನಗುವುದಕ್ಕೆ ಬಾಯಿ ತೆರೆದರು. ಜವರಮ್ಮ ನಗಲಿಲ್ಲ. ಪಟವನ್ನೇ ನೋಡುತ್ತಿದ್ದವಳು ಸಟ್ಟನೆ ಎದ್ದು ಟಿ.ವಿ.ಯ ಹತ್ತಿರ ಹೋದಳು. ಪಟದೊಳಗಿನ ಬಿಳಿ ಪರದೆಯ ಬಲಗಡೆ ಮೇಲ್ತುದಿಯಲ್ಲಿ, ಕೆಂಪು ಅಂಚನ್ನು ಅವುಚಿಕೊಂಡು, ಎಂಟು ಬೆರಳು ಸಾಲಾಗಿ ಕೂತಿದ್ದವು. ಹೆಬ್ಬೆರಳು ಎರಡೂ ಬಟ್ಟೆಯ ಹಿಂದೆ. ಜಗ್ಗಿದ ಟಿ.ವಿ.ಯಲ್ಲಿ ಒಂದೊಂದು ಬೆರಳೂ ನಂಜನಗೂಡು ರಸಬಾಳೆಯ ಹಾಗೆ ಗಿಡ್ಡಗೆ ದುಂಡಗೆ, ಚಿಪ್ಪಿನಿಂದ ಈಗ ತಾನೇ ಕಿತ್ತು ಜೋಡಿಸಿದಂತೆ. ಅವುಗಳಲ್ಲಿ ಕೊನೆಯದೊಂದು ಮಾತ್ರ ಏನನ್ನೂ ಹಿಡಿಯದೆ, ಹೊರಕ್ಕೆ ಬಾಗಿ, ಛತ್ರದ ಬಾಗಿಲು ನೋಡುತ್ತಿತ್ತು.

“ಬೀಗಿತಿ, ಈ ಕಿರ್ಬೆಳ್ಳು ನಿಮ್ಮೂರಲ್ಲಿ ಎಷ್ಟವೆ?”

ಚನ್ನಾಜಮ್ಮ ಹತ್ತಿರ ಬಂದಳು. ಪಟ ನೋಡಿದಳು. ತಿರುಗಿ ದೊಡ್ಡಮಾದಯ್ಯನನ್ನು ನೋಡಿದಳು. ಅವನು ಕಾಫಿ ಲೋಟ ಹಿಡಿದು ಕೂತಿದ್ದ. ಕಿರುಬೆರಳು ಲೋಟ ಬಿಟ್ಟು ಬೀದಿ ನೋಡುತ್ತಿತ್ತು.

“ಒಂದೂ ಇಲ್ಲ” ಅಂದಳು.

“ನಿಮ್ ಹಿಂದ್ಗಡೆ ಈ ಬಿಳೇದು ಕಾಣ್ತದಲ್ಲ, ಈ ತುದಿಯಿಂದ ಆ ತುದಿ ತಂಕ? ಅದು ಅವ್ನು ನೇಯ್ದಿದ್ದು. ಅದುನ್ನೆತ್ತಿ ಹಿಡ್ಕಂಡಿರಾನೂ ಅವ್ನೇ. ನೀವೆಲ್ಲಾ ನಿಂತಿರಾದು ನಮ್ಮಣ್ಣನ ಮುಂದೆ ಕಣ್ ಬೀಗಿತಿ. ನಮ್ ತವರು ಇಷ್ಟಗಲ ಅದೆ!” ಎಂದು ಜವರಮ್ಮ ಎರಡು ಕೈಯನ್ನೂ ಚಾಚಿ ತೋರಿಸಿದಳು. ದೊಡ್ಡಮಾದಯ್ಯ ಕಾಫಿಯನ್ನು ಅಗತ್ಯಕ್ಕಿಂತ ಜೋರಾಗಿ ಸೊರ್ ಎನ್ನಿಸಿದ.

ಚನ್ನಾಜಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿದಳು. ಕೊನೆಗೆ, “ಅಂಗಾರೆ ಇಷ್ಟು ಜನದಾಗೂ ದೊಡ್ಡೋನು ನೀನೇ ಅನ್ನು ಕಣಯ್ಯ. ಊಟ ಮಾಡ್ದೆ ಹೊಂಟ್ರೆ ನೋಡು ಮತ್ತೆ, ಇಬ್ರೂವೆ!” ಎಂದು ಒಳಗೆ ನಡೆದಳು.

ಅವಳ ಬೆನ್ನ ಹಿಂದೆ ಜಗನ್ ರಿಮೋಟಿನ ಯಾವುದೋ ಗುಂಡಿ ಒತ್ತಿದ. ಪಟ ಇದ್ದಕ್ಕಿದ್ದಂತೆ ಸಣ್ಣಗಾಯಿತು. ಮದುಮಗಳಿಗೆ ಅವಳ ಕೆನ್ನೆ ವಾಪಸು ಬಂತು, ಬೆರಳು ಬೆರಳಾದವು. ಟಿ.ವಿ.ಯ ಎರಡು ಬದಿಗೂ ಎರಡು ಕರಿಯ ಪಟ್ಟಿ ಬಂದು ಕೂತವು. ಚನ್ನಾಜಮ್ಮ ಅಡುಗೆಮನೆಯ ಬಾಗಿಲಿಂದ ಇಣುಕಿ ನೋಡಿ, “ಅದೇನ್ಲಾ ಅದು, ಹೊಸ ಟಿ.ವಿ.ಗೆ ಮಸಿ ಬಳ್ದಂಗೆ?” ಎಂದು ಕೂಗಿದಳು.

“ಅದು ಖಾಲಿ ಜಾಗ ಬೀಗಿತಿ,” ದೊಡ್ಡಮಾದಯ್ಯ ಹೇಳಿದ. “ಯಾರ್ನೂ ಕೊಯ್ದೆ, ಯಾರ್ನೂ ಜಗ್ಗ್ದೆ ಇದ್ರೆ ಅಷ್ಟು ಜಾಗ ಮಿಕ್ತದೆ. ಇರ್ಲಿ ಬುಡಿ.”

“ಇರಾದ್ ಬ್ಯಾಡ! ದುಡ್ಡು ಕೊಟ್ಟ ಟಿ.ವಿ. ಪೂರ್ತಿ ತುಂಬ್ಲಿ. ದಪ್ಪ ಆದ್ರೆ ಆದೆ, ಕರೀ ಪಟ್ಟಿ ಮಾತ್ರ ಬ್ಯಾಡ. ದಪ್ಪಕ್ಕೇ ಮಡಗ್ಲಾ ಜಗ್ಗಾ.”

ಹಾಗಾಗಿ ಹದಿನಾರಿನ ಆ ಮನೆಯಲ್ಲಿ ಆ ಪಟ ಇವತ್ತಿಗೂ ದಪ್ಪಗೇ ಬರುತ್ತದೆ. ನೆಂಟರು ಬಂದರೆ ಚನ್ನಾಜಮ್ಮ ಹಳೆಯ ಆಲ್ಬಮ್ ತೆಗೆಯುವುದಿಲ್ಲ. ಟಿ.ವಿ. ಹಾಕಿಸಿ, ತನ್ನ ಗಾತ್ರವನ್ನು ಸೆರಗಿನಿಂದ ಮುಚ್ಚುವ ಹಾಗೆ ಪರದೆಗೆ ಅಡ್ಡ ನಿಂತು, ಕೋಲಿನಿಂದ ಬಲಗಡೆಯ ಮೇಲ್ತುದಿ ತೋರಿಸುತ್ತಾಳೆ. “ಮಿಕ್ಕೋರನ್ನ ಬುಡಿ, ಇಲ್ ನೋಡಿ. ಈ ಸೊಟ್ಟ ರಸಬಾಳೆ ಕಾಣ್ತದಲ್ಲ? ನಮ್ ಸೊಸೆ ಸೋದರಮಾವ. ಮದುವೇಗೆ ಬಂದಿದ್ದ, ನಾನೇ ಕಣ್ಣಾರೆ ಕಂಡಿವ್ನಿ.”